ಗಿಣಿಯಣ್ಣನ ಬೆಳ್ಗೊಡೆ

ಮಳೆಗಾಲ ಆಗಷ್ಟೇ ಹೊಸ್ತಿಲು ದಾಟಿತ್ತು. ಹೊಲಗಳಲ್ಲಿ ಬಿತ್ತನೆ ಮುಗಿದು, ಇನ್ನು ಮೊಳಕೆ ಏಳುವುದನ್ನು ಕಾಯುವುದೊಂದೇ ಕೆಲಸ ಎನ್ನುವಂಥ ದಿನಗಳು. ಎಳೆ ಹುಲ್ಲು ಮೇಯ್ದ ಎಮ್ಮೆಗಳು ಹಾಲನ್ನು ಹೆಚ್ಚಾಗಿಯೇ ಕೊಡುತ್ತಿದ್ದವು, ಆದರೆ ತೆಳ್ಳಗೆ. ಹೀಗಾಗಿ ಹಾಲಿನ ಸಂಘದ ಕಿಟಕಿಯ ಮುಂದೆ ಬೆಳಗಿನ ಸಾಲೂ ಉದ್ದ, ಜಗಳವೂ ಉದ್ದ.

ಕಿಟಕಿಯ ಒಳಗೆ ಕೂತು ಹಾಲು ಅಳೆಯುವವನು ಗಿಣಿಯಣ್ಣ. ಹೆತ್ತವರು ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಮುಖದ ನಡುವೆ ಅಂಥ ಮೂಗು ಇಟ್ಟುಕೊಂಡವನಿಗೆ ಬೇರೆ ಹೆಸರು ಅಂಟಿಕೊಳ್ಳುವ ಹಾಗಿರಲಿಲ್ಲ. ಬುಡದಲ್ಲೇ ಎದ್ದು ನಿಂತು, ನಡುವೆ ಬಾಗಿ, ತುದಿಯಲ್ಲಿ ಮೇಲ್ದುಟಿಯ ಯೋಗಕ್ಷೇಮ ವಿಚಾರಿಸುವ ಮೂಗು. ಅವನ ಅಪ್ಪನಿಗೂ ಅದೇ, ಅಜ್ಜನಿಗೂ ಅದೇ. ತಲೆಮಾರಿನಿಂದ ತಲೆಮಾರಿಗೆ ಆಸ್ತಿ ಕರಗುತ್ತ ಬಂದಿದ್ದರೂ ಮೂಗು ಎಳ್ಳಷ್ಟೂ ಕರಗಿರಲಿಲ್ಲ.

ಹಾಲು ಅಳೆಯುವುದು ದೊಡ್ಡ ಅಧಿಕಾರವೇನಲ್ಲ. ಆದರೂ ಊರಿನ ಹಿರಿಯರು ಕಿರಿಯರೆಲ್ಲ ಬೆಳಿಗ್ಗೆ ಸಂಜೆ ತಲೆ ಬಗ್ಗಿಸಿ ಮಾತಾಡಿಸುತ್ತಿದ್ದ ಮನುಷ್ಯ ಅವನೊಬ್ಬನೇ. ಕಿಟಕಿ ಅಷ್ಟು ಗಿಡ್ಡವಾಗಿತ್ತು.

ಸಂಘ ಇದ್ದದ್ದು ಅರಮನೆಯವರ ಹಳೆಯ ಕಟ್ಟಡದಲ್ಲಿ. ಸಂಸ್ಥಾನ ಇದ್ದ ಕಾಲದಲ್ಲಿ ದೊರೆಗಳು ಬೇಟೆಗೆ ಬಂದಾಗ ಇಳಿದುಕೊಳ್ಳಲು ಕಟ್ಟಿಸಿದ್ದಂತೆ. ಸಂಸ್ಥಾನ ಹೋಯಿತು, ಬೇಟೆ ಹೋಯಿತು, ಕೊನೆಗೆ ಕಾಡೂ ಹೋಯಿತು. ಉಳಿದದ್ದು ಒಂದು ಕೋಣೆ, ಒಂದು ಜಗುಲಿ, ಸೋರುವ ಹೆಂಚು, ಮತ್ತು ವರ್ಷವರ್ಷವೂ ಬಳಿದು ಬಳಿದು ಬೆರಳುದಪ್ಪವಾಗಿದ್ದ ಗೋಡೆಯ ಸುಣ್ಣ.

ಆ ಬೆಳಿಗ್ಗೆ ಸಾಲಿನ ತುದಿಗೆ ಬಂದು ಕಿಟಕಿಗೆ ತಲೆ ಬಗ್ಗಿಸಿದವನು ಗಿಣಿಯಣ್ಣನ ಹೆಂಡತಿಯ ಅಣ್ಣ. ಪಕ್ಕದ ಮನೆಯವನೇ. ಮಕ್ಕಳಿಗಿಂತ ಹೆಚ್ಚಾಗಿ ಒಂದು ಟಗರನ್ನು ಸಾಕಿದ್ದರಿಂದ ಊರು ಅವನನ್ನು ಟಗರಣ್ಣ ಎನ್ನುತ್ತಿತ್ತು.

"ಭಾವ, ನನ್ನ ಛತ್ರಿ," ಎಂದ ಟಗರಣ್ಣ, ಹಾಲಿನ ಪಾತ್ರೆ ಕಿಟಕಿಯ ಮೇಲಿಡುತ್ತಾ.

"ನಾಳೆ ಕೊಡ್ತೀನಿ ಭಾವ," ಎಂದ ಗಿಣಿಯಣ್ಣ.

ಇದು ಅವರಿಬ್ಬರ ನಡುವೆ ನಮಸ್ಕಾರ ಇದ್ದ ಹಾಗೆ. ಹೋದ ಮಳೆಗಾಲದಲ್ಲಿ ಒಂದು ಸಂಜೆಯ ಮಟ್ಟಿಗೆ ಎಂದು ಗಿಣಿಯಣ್ಣ ಕೇಳಿ ತಂದಿದ್ದ ಕೊಡೆ ಅದು. ಮರದ ಹಿಡಿ, ದಪ್ಪ ಕರೀ ಬಟ್ಟೆ, ಬಿಚ್ಚಿದರೆ ಇಡೀ ಸಂಸಾರ ನಿಲ್ಲಬಹುದು. ಆ ಸಂಜೆ ಇನ್ನೂ ಮುಗಿದಿರಲಿಲ್ಲ. ಈಗಲೂ ಅದು ಗಿಣಿಯಣ್ಣನ ಬೆನ್ನ ಹಿಂದಿನ ಮೊಳೆಗೆ ಒಡೆಯನ ಕಣ್ಣಿಗೆ ಬೀಳುವ ಹಾಗೆಯೇ ನೇತಾಡುತ್ತಿತ್ತು.

"ಅಲ್ಲೇ ಇದೆಯಲ್ಲ ಭಾವ! ಕೈ ಚಾಚಿದ್ರೆ ಆಯ್ತು."

"ಕೈಯಲ್ಲಿ ಅಳತೆ ಪಾತ್ರೆ ಇದೆ ಭಾವ, ಕಾಣಿಸ್ತಾ ಇಲ್ವಾ?"

ಟಗರಣ್ಣ ಉತ್ತರ ಕೊಡಲು ಬಾಯಿ ತೆರೆದ. ಅಷ್ಟರಲ್ಲಿ, ರಾತ್ರಿಯಿಡೀ ನೀರು ಕುಡಿದಿದ್ದ ಜಗುಲಿಯ ಗೋಡೆಯಿಂದ ಒಂದು ಹಾಳೆ ಸುಣ್ಣ ಕಳಚಿಕೊಂಡು ನೇರವಾಗಿ ಅವನ ಹಾಲಿಗೆ ಬಿತ್ತು. ಅರ್ಧ ಹಾಲು ಅವನ ಮುಖಕ್ಕೆ ಬಂತು. ಅವನು ಕಣ್ಣೊರೆಸಿಕೊಂಡು ಗೋಡೆಯ ಕಡೆ ನೋಡಿದ. ಆಮೇಲೆ ಕಿಟಕಿಯೊಳಗೆ ನೋಡಿದ. ಮತ್ತೆ ಗೋಡೆ ನೋಡಿದ.

"ಭಾವ," ಎಂದ ಮೆಲ್ಲಗೆ, "ನೀವು ಒಳಗಿದ್ದೀರೋ, ಹೊರಗಿದ್ದೀರೋ?"

ಕಿಟಕಿಯ ಬಲಕ್ಕೆ, ಆಳೆತ್ತರದಲ್ಲಿ, ಸುಣ್ಣ ಕಳಚಿದ ಜಾಗದಲ್ಲಿ ಒಂದು ಮುಖ ಮೂಡಿತ್ತು. ಪಕ್ಕಕ್ಕೆ ತಿರುಗಿದ ಮುಖ. ಮೀನಿನಂಥ ಕಣ್ಣು, ಹುರಿ ಮಾಡಿದ ಮೀಸೆ, ಕಿವಿಯಲ್ಲಿ ಮುತ್ತಿನ ಒಂಟಿ. ಮತ್ತು ಆ ಮೂಗು. ಎದ್ದು, ಬಾಗಿ, ತುಟಿಯನ್ನು ವಿಚಾರಿಸುವ ಅದೇ ಮೂಗು.

ಸಾಲು ಮುರಿಯಿತು. ಗಿಣಿಯಣ್ಣನನ್ನು ಹೊರಗೆ ಎಳೆದು ತಂದು ಗೋಡೆಯ ಪಕ್ಕ ನಿಲ್ಲಿಸಿ, ಗದ್ದ ಹಿಡಿದು ಪಕ್ಕಕ್ಕೆ ತಿರುಗಿಸಿದರು. ಕಿವಿಯ ಮುತ್ತೊಂದನ್ನು ಬಿಟ್ಟರೆ ವ್ಯತ್ಯಾಸವೇ ಇಲ್ಲ.

"ಇದು ಯಾರಪ್ಪಾ?" ಎಂದರು ಯಾರೋ.

"ಅರಮನೆ ಗೋಡೆ ಮೇಲೆ ಇನ್ಯಾರ ಚಿತ್ರ ಬರೀತಾರೆ?" ಎಂದರು ಇನ್ಯಾರೋ. "ದೊರೇದೇ."

 ಗಿಣಿಯಣ್ಣ ನಿಧಾನವಾಗಿ ಕೈಯಲ್ಲಿದ್ದ ಅಳತೆ ಪಾತ್ರೆಯನ್ನು ನೆಲದ ಮೇಲಿಟ್ಟ. "ನಮ್ಮ ಅಜ್ಜ ಒಂದೊಂದು ಸಲ ಏನೋ ಹೇಳೋಕೆ ಬರ್ತಿದ್ರು," ಎಂದ. "ಆದರೆ ಹೇಳ್ತಿರಲಿಲ್ಲ."

ಸುಳ್ಳು ಎನ್ನುವ ಹಾಗಿಲ್ಲ. ಅವನ ಅಜ್ಜನಿಗೆ ಕೊನೆಗಾಲದಲ್ಲಿ ಮಾತು ನಿಂತುಹೋಗಿತ್ತು.

ಮನೆಗೆ ಹೋದವನೇ ಅಮ್ಮನ ಮುಂದೆ ಕೂತ. ಮುದುಕಿ ಕಾಳು ಆರಿಸುತ್ತಿದ್ದಳು.

"ಅಮ್ಮಾ, ನಾವು ರಾಜವಂಶದವರಾ?"

ಅಮ್ಮ ಮೊರದಿಂದ ತಲೆ ಎತ್ತದೆ ಯೋಚಿಸಿದಳು. "ನಿಮ್ಮಪ್ಪ ಇದ್ದಷ್ಟು ದಿನ ಒಂದು ಚೊಂಬು ನೀರು ತಾವೇ ಎದ್ದು ತಗೊಂಡವರಲ್ಲ. ಇದ್ರೂ ಇರಬಹುದು ಕಣಪ್ಪ."

ಒಲೆಯ ಮುಂದಿದ್ದ ಹೆಂಡತಿ ತಿರುಗಿ ನೋಡಿದಳು. "ಹಾಗಾದ್ರೆ ನನಗೂ ರಾಜವಂಶಾನೇ ಗಂಟುಬಿದ್ದಿದೆ ಅನ್ನಿ, ಅತ್ತೆ," ಎಂದಳು. ಅದನ್ನು ಗಿಣಿಯಣ್ಣ ಸಾಕ್ಷಿ ಎಂದೇ ತೆಗೆದುಕೊಂಡ. ಹೆಂಡತಿ ತನ್ನ ಮಾತಿಗೆ ಹೂಂ ಅಂದದ್ದು ಮದುವೆಯಾದ ಮೇಲೆ ಅದೇ ಮೊದಲು.

ಸಂಘದ ಕಾರ್ಯದರ್ಶಿ ಪುರಾತತ್ವ ಇಲಾಖೆಗೆ ಸುದ್ದಿ ಮುಟ್ಟಿಸಿದ್ದರಿಂದ ಒಬ್ಬ ಮೇಡಂ ಬಂದರು. ಹಳೆಯ ಚಿತ್ರಗಳ ಮೇಲಿನ ಸುಣ್ಣ ಬಿಡಿಸುವುದೇ ಅವರ ಕಸುಬು. ಒದ್ದೆ ಹತ್ತಿ, ಉಗುರಿನಷ್ಟು ಅಗಲದ ಚಾಕು, ಕಣ್ಣಿಗೆ ಭೂತಗನ್ನಡಿ. ಬೆಳಗಿನಿಂದ ಸಂಜೆಯವರೆಗೆ ಕೆಲಸ ಮಾಡಿದರೆ ಅಂಗೈ ಅಗಲದ ಗೋಡೆ ಹೊರಗೆ ಬರುತ್ತಿತ್ತು. ಸುಮ್ಮನೆ ಮಾಡುತ್ತಿರಲಿಲ್ಲ, ಮಕ್ಕಳಿಗೆ ಪಾಠ ಹೇಳುವವರ ಹಾಗೆ ಮಾತಾಡುತ್ತ ಮಾಡುತ್ತಿದ್ದರು. ಈ ಸಂಸ್ಥಾನದ ಚಿತ್ರಗಾರರು ಕಲ್ಲು ಅರೆದು ಹಸಿರು ಮಾಡುತ್ತಿದ್ದರಂತೆ, ದೀಪದ ಮಸಿ ಹಿಡಿದು ಕಪ್ಪು ಮಾಡುತ್ತಿದ್ದರಂತೆ, ಅಳಿಲ ಬಾಲದ ಕೂದಲಿನಿಂದ ರೆಪ್ಪೆ ಬರೆಯುತ್ತಿದ್ದರಂತೆ.

"ಅವರಲ್ಲಿ ಒಂದು ಪದ್ಧತಿ ಇತ್ತು," ಎಂದರು ಮೇಡಂ. "ಚಿತ್ರದಲ್ಲಿ ಯಾರು ಮುಖ್ಯವೋ ಅವರನ್ನ ದೊಡ್ಡದಾಗಿ ಬರೀತಿದ್ರು. ಬಂಗಾರದ ರೇಕು ಹಚ್ಚೋದೂ ಅವರಿಗೆ ಮಾತ್ರ."

"ಮೂಗು ದೊಡ್ಡದಾಗೇ ಇದೆಯಲ್ಲ ಮೇಡಂ," ಎಂದ ಗಿಣಿಯಣ್ಣ.

"ಮೂಗು ದೊಡ್ಡದು, ಹೌದು," ಎಂದು ಮೇಡಂ ಒಪ್ಪಿಕೊಂಡರು. ಪ್ರಾಮಾಣಿಕರು.

"ಬಂಗಾರ?"

"ಇನ್ನೂ ಬಂದಿಲ್ಲ. ಬಲಗಡೆ ಎಲ್ಲಾದ್ರೂ ಇರಬಹುದು. ಪೂರ್ತಿ ಬಿಡಿಸೋವರೆಗೆ ಏನೂ ಹೇಳೋಕಾಗಲ್ಲ."

ಮಾರನೆಯ ದಿನ ರುಮಾಲು ಬಂತು, ಕುಚ್ಚು ಬಂತು. ಅದರ ಮಾರನೆಯ ದಿನ ರುಮಾಲಿನ ಮೇಲೆ ಜಾಲರಿ ಕಟ್ಟಿದ ಬಿಳಿಯ ಅಂಚೊಂದು ಕಾಣಿಸಿಕೊಂಡಿತು.

"ಬೆಳ್ಗೊಡೆ!" ಎಂದರು ಮೇಡಂ ಉತ್ಸಾಹದಿಂದ. "ಬಿಳಿ ಛತ್ರಿ. ರಾಜಚಿಹ್ನೆ ಇದು. ಬೇರೆಯವರು ತಲೆ ಮೇಲೆ ಹಿಡಿಸಿಕೊಳ್ಳೋ ಹಾಗಿರಲಿಲ್ಲ."

ಅಷ್ಟು ಸಾಕಾಯಿತು. ಮರುದಿನ ಬೆಳಿಗ್ಗೆ ಆಕಾಶದಲ್ಲಿ ಮೋಡದ ಒಂದು ಚೂರೂ ಇರಲಿಲ್ಲ. ಗಿಣಿಯಣ್ಣ ಟಗರಣ್ಣನ ಕೊಡೆಯನ್ನು ಬಿಚ್ಚಿ ಹಿಡಿದುಕೊಂಡು, ಬೀದಿಯ ನಟ್ಟನಡುವೆ, ಮೂಗನ್ನು ಪಕ್ಕಕ್ಕೆ ತಿರುಗಿಸಿಕೊಂಡು ಸಂಘಕ್ಕೆ ನಡೆದ. ಹಾಗೆ ನಡೆದದ್ದರಿಂದ ದಾರಿಯಲ್ಲಿ ಒಂದು ಗೂಟವನ್ನೂ ಒಂದು ಎಮ್ಮೆಯನ್ನೂ ಎಡವಿದ.

ಬಾಗಿಲಲ್ಲಿ ನಿಂತಿದ್ದ ಅಮ್ಮ ಸೊಸೆಯ ಕಡೆ ತಿರುಗಿದಳು. "ಅಲ್ಪನಿಗೆ ಐಶ್ವರ್ಯ ಬಂದ್ರೆ..." ಎಂದು ಶುರು ಮಾಡಿ, ಹೆತ್ತ ಮಗ ಎಂದು ಅಲ್ಲಿಗೇ ನಿಲ್ಲಿಸಿದಳು.

"ಅರ್ಧರಾತ್ರಿಯಾದ್ರೂ ಆಗಲಿ ಅಂತ ಕಾಯಬಹುದಿತ್ತು," ಎಂದ ಟಗರಣ್ಣ ತನ್ನ ಬೇಲಿಯ ಆಚೆಯಿಂದ. ಆಮೇಲೆ ಕೂಗಿ, "ಭಾವ, ನನ್ನ ಛತ್ರಿ!" ಎಂದ.

ಗಿಣಿಯಣ್ಣ ನಿಂತ. ಈ ಸಲ 'ನಾಳೆ' ಎನ್ನಲಿಲ್ಲ.

"ಭಾವ, ಸಣ್ಣ ಮಾತು ಆಡಬೇಡಿ. ಛತ್ರಿ ಹೋದ್ರೆ ರಾಜ್ಯ ಹೋದ ಹಾಗೆ. ಇತಿಹಾಸದಲ್ಲಿ ಯಾವ ದೊರೆ ಛತ್ರಿ ವಾಪಸ್ ಕೊಟ್ಟಿದ್ದಾನೆ ಹೇಳಿ?"

"ದೊರೆಗಳು ಎರವಲು ತಂದಿರಲಿಲ್ಲ ಭಾವ."

"ಎಲ್ಲಾ ರಾಜ್ಯಗಳೂ ಎರವಲೇ," ಎಂದು ಹೇಳಿ ಗಿಣಿಯಣ್ಣ ಮುಂದೆ ನಡೆದ. ಆ ಮಾತು ಅವನ ಬಾಯಲ್ಲಿ ಎಲ್ಲಿಂದ ಬಂತೋ ಅವನಿಗೇ ಗೊತ್ತಾಗಲಿಲ್ಲ. ರಾಜರಕ್ತ ತಾನಾಗಿಯೇ ಮಾತಾಡುತ್ತದೆ ಎನ್ನುವುದು ಖಾತ್ರಿಯಾಯಿತು.

ಸಂಘದಲ್ಲಿ ಅವನು ಕಿಟಕಿಯ ಒಳಗೆ ಹೋಗಲಿಲ್ಲ. ಮೇಡಂ ಪಕ್ಕದಲ್ಲಿ, ಚಿತ್ರದ ಕೆಳಗೆ, ಕುರ್ಚಿ ಹಾಕಿಸಿಕೊಂಡು ಕೂತ. ಸಾಲು ಕಾಯಿತು. ಕಾರ್ಯದರ್ಶಿ ಹೊರಗೆ ಬಂದರು. ಜೇಬಿನಲ್ಲಿ ಎರಡು ಪೆನ್ನು, ಎರಡರಲ್ಲೂ ಮಸಿ ಇಲ್ಲ. ಮಾತನ್ನು ಮಾತ್ರ ಅಳೆದು ಸುರಿಯುವ ಮನುಷ್ಯ.

"ಏನು ಗಿಣಿಯಣ್ಣ, ಅಳೆಯಲ್ವಾ?"

"ಕಾರ್ಯದರ್ಶಿಗಳೇ, ನೀವೇ ಯೋಚನೆ ಮಾಡಿ. ಮೇಲೆ ಅವರು ಬೆಳ್ಗೊಡೆ ಕೆಳಗೆ ನಿಂತಿರೋದು, ಕೆಳಗೆ ನಾನು ಲೋಟದಲ್ಲಿ ಹಾಲು ಎತ್ತಿ ಹುಯ್ಯೋದು. ನೋಡಿದವರು ಏನಂತಾರೆ?"

"ಸಂಬಳಕ್ಕೆ ಅಂತಾರೆ."

"ಅದೇ ಬೇಡ ಅನ್ನೋದು."

ಕಾರ್ಯದರ್ಶಿಗಳು ಗೋಡೆಯನ್ನೂ ಅವನನ್ನೂ ನೋಡಿದರು. "ಸರಿ. ಚಿತ್ರ ಪೂರ್ತಿ ಹೊರಗೆ ಬರಲಿ. ನೀವು ದೊರೆ ವಂಶ ಅಂತ ಆದ್ರೆ ಸಂಘಕ್ಕೆ ಗೌರವಾಧ್ಯಕ್ಷರು. ಕುರ್ಚಿ ಇಲ್ಲೇ ಇರುತ್ತೆ, ಕುಶನ್ನೂ ಹಾಕಿಸೋಣ."

"ಆಗದಿದ್ರೆ?" ಎಂದ ಸಾಲಿನಲ್ಲಿದ್ದ ಟಗರಣ್ಣ, ಎಲ್ಲರ ಪರವಾಗಿ.

"ಕ್ಯಾನು ತೊಳೆಯೋಕೆ ಜನ ಬೇಕಾಗಿದ್ದಾರೆ."

ಆ ಹೊತ್ತಿಗೆ, ತನ್ನ ಮನೆಯ ಹಾಲು ಹಿಡಿದು ಸಾಲಿನಲ್ಲಿದ್ದ ಗಿಣಿಯಣ್ಣನ ಹೆಂಡತಿ ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದಳು. ಹಾಲು ಕೆಡುತ್ತದೆ, ರಾಜ್ಯ ಕೆಡುವುದಿಲ್ಲ ಎಂದಷ್ಟೇ ಹೇಳಿ ಅಳತೆ ಪಾತ್ರೆ ಕೈಗೆ ತೆಗೆದುಕೊಂಡಳು. ಹಾಲು ಒಯ್ಯುವ ವ್ಯಾನು ಬರುವುದರೊಳಗೆ ಸಾಲು ಮುಗಿಯಿತು. ಗಿಣಿಯಣ್ಣನ ಕಾಲದಲ್ಲಿ ಅದು ಯಾವತ್ತೂ ಮುಗಿದದ್ದಿಲ್ಲ. ಅಳತೆಯಲ್ಲಿ ನೊರೆಯನ್ನು ಹಾಲು ಎಂದು ಲೆಕ್ಕ ಹಿಡಿಯುವ ಅಭ್ಯಾಸವೂ ಅವಳಿಗಿರಲಿಲ್ಲ, ಹಾಲನ್ನು ನೊರೆ ಎಂದು ಬಿಡುವ ಅಭ್ಯಾಸವೂ ಇರಲಿಲ್ಲ. ಜನ ತಲೆ ಬಗ್ಗಿಸಿ ಅವಳನ್ನು "ಅಕ್ಕಾ" ಎಂದರು. ಕುರ್ಚಿಯಲ್ಲಿ ಕೂತ ಗಿಣಿಯಣ್ಣ ಅದನ್ನು ಕೇಳಿಸಿಕೊಂಡ. ಕುರ್ಚಿಯಲ್ಲಿ ಕೂತವನ ಮುಂದೆ ಯಾರೂ ತಲೆ ಬಗ್ಗಿಸುವ ಕಾರಣವಿಲ್ಲ ಎನ್ನುವುದು ಅವನಿಗೆ ನಿಧಾನವಾಗಿ ಹೊಳೆಯಿತು.

ಮಳೆ ಮತ್ತೆ ಹಿಡಿಯಿತು. ಜಗುಲಿಯ ಹೆಂಚಿನಿಂದ ನೀರು ಗೋಡೆಗೆ ಇಳಿಯತೊಡಗಿತು.

"ಹೀಗೆ ಸೋರಿದ್ರೆ ಚಿತ್ರ ಉಳಿಯಲ್ಲ," ಎಂದು ಮೇಡಂ ಗಾಬರಿಯಾದರು. "ಕಟ್ಟಡ ಯಾರದ್ದು?"

ಕಾರ್ಯದರ್ಶಿಗಳು ವಿನಯದಿಂದ ಕುರ್ಚಿಯ ಕಡೆ ಕೈ ತೋರಿಸಿದರು. "ವಾರಸುದಾರರು ಇಲ್ಲೇ ಇದ್ದಾರಲ್ಲ."

ಹೀಗೆ ಗಿಣಿಯಣ್ಣ ಸುರಿಯುವ ಮಳೆಯಲ್ಲಿ ತನ್ನ ಪೂರ್ವಜರ ಮಾಡು ಹತ್ತಿದ. ಸಂಘದ ಹಿತ್ತಿಲಲ್ಲಿ ಜೋಡಿಸಿಟ್ಟಿದ್ದ ಹೆಂಚುಗಳನ್ನು ಒಂದೊಂದಾಗಿ ಕೊಟ್ಟವನು, ಏಣಿ ಹಿಡಿದವನು ಟಗರಣ್ಣ.

"ದೊರೆಗಳು ಎಡಗಾಲು ಹುಷಾರು. ಪಾಚಿ ಇದೆ."

"ಭಾವ, ಏಣಿ ಅಲ್ಲಾಡಿಸಬೇಡಿ."

"ನಾನಲ್ಲ ಅಲ್ಲಾಡ್ತಿರೋದು. ವಂಶ."

"ಮಳೆ ಕಣ್ಣಿಗೆ ಹೊಡೀತಿದೆ. ಆ ಛತ್ರಿ ಸ್ವಲ್ಪ ಮೇಲೆ ಹಿಡೀತೀರಾ?"

"ಯಾವ ಛತ್ರಿ ಭಾವ? ನನ್ನದನ್ನ ಯಾರೋ ತಗೊಂಡು ಹೋಗಿದ್ದಾರೆ," ಎಂದ ಟಗರಣ್ಣ.

ಮಾಡು ಸೋರುವುದು ನಿಂತಿತು. ಗಿಣಿಯಣ್ಣನ ಮೂಗು ಸೋರತೊಡಗಿತು. ಆದರೂ ಅವನು ಕುರ್ಚಿ ಬಿಡಲಿಲ್ಲ. ನೆಗಡಿಯ ನಡುವೆಯೇ ಸೀನುತ್ತ, ಇನ್ನು ಬಂಗಾರ ಬಂದರೆ ಆಯಿತು, ಕುಶನ್ ಬಂದ ಹಾಗೆಯೇ ಎಂದು ಕಾದ.

ಬಂಗಾರ ಬಂತು. ಬಲಗಡೆ, ಕೊಡೆಯ ನಡುಮಧ್ಯದ ಕೆಳಗೆ, ಮೇಡಂ ಹತ್ತಿಯ ಅಡಿಯಲ್ಲಿ ಹಳದಿ ಮಿಂಚು ಮಿಂಚಿತು. ಸುರುಳಿ ಸುತ್ತಿಕೊಂಡ ದಪ್ಪ ಬಂಗಾರದ ಗೆರೆ.

"ಸಿಂಹಾಸನ!" ಎಂದು ಗಿಣಿಯಣ್ಣ ಎದ್ದು ನಿಂತ. "ಸಿಂಹಾಸನದ ಕೈ! ನೋಡಿ, ಹೇಗೆ ಸುರುಳಿ ಸುತ್ತಿದೆ!"

ಸುದ್ದಿ ಬೀದಿ ಬೀದಿ ಹರಿಯಿತು. ಸಂಜೆಯ ಹಾಲಿನ ಹೊತ್ತಿಗೆ ಹಾಲು ಇದ್ದವರೂ ಇಲ್ಲದವರೂ ಜಗುಲಿಯಲ್ಲಿ ಸೇರಿದರು. ಅಮ್ಮನನ್ನು ಯಾರೋ ಕೈ ಹಿಡಿದು ಕರೆತಂದು ಕೂರಿಸಿದರು. ಟಗರಣ್ಣ ತನ್ನ ಟಗರನ್ನೂ ಹೊಡೆದುಕೊಂಡು ಬಂದಿದ್ದ. ಮೋಡ ಕವಿಯುತ್ತಿದೆ, ಒಂದೇ ಬಿಟ್ಟರೆ ಹೆದರುತ್ತದೆ ಎಂದು ಕಾರಣ ಕೊಟ್ಟ. ಅದಕ್ಕೆ ಮಳೆಯೆಂದರೆ ಆಗದು, ಮೈ ಮೇಲೆ ಹನಿ ಬಿದ್ದರೆ ಎರಡು ದಿನ ಮೇವು ಮುಟ್ಟುವುದಿಲ್ಲ.

ಮೇಡಂ ಅಂದು ಮಾತಾಡಲಿಲ್ಲ. ಚಾಕು ಚಿತ್ರದ ಮೂಗಿನ ಕೆಳಗಿನಿಂದ ಭುಜಕ್ಕೆ, ಭುಜದಿಂದ ತೋಳಿಗೆ ಇಳಿಯಿತು. ತೋಳು ಮುಂದಕ್ಕೆ ಚಾಚಿತ್ತು. ತೋಳಿನ ತುದಿಯಲ್ಲಿ ಮುಷ್ಟಿ ಬಂತು. ಮುಷ್ಟಿಯೊಳಗೆ ಒಂದು ಕೋಲು. ಕೋಲು ಮೇಲಕ್ಕೆ ಹೋಗಿ, ಬೆಳ್ಗೊಡೆಗೆ ಸೇರಿತು.

ಜಗುಲಿಯ ಕತ್ತುಗಳೆಲ್ಲ ಕೋಲಿನ ಜೊತೆಗೇ ಮೇಲೇರಿದವು.

"ದೊರೆಗಳು," ಎಂದರು ಕಾರ್ಯದರ್ಶಿ ಎಚ್ಚರಿಕೆಯಿಂದ, "ತಮ್ಮ ಛತ್ರಿ ತಾವೇ ಹಿಡ್ಕೋತಿದ್ರಾ ಮೇಡಂ?"

"ಇಲ್ಲ," ಎಂದರು ಮೇಡಂ.

"ತುಂಬಾ ಸರಳ ದೊರೆ ಇರಬಹುದು," ಎಂದ ಗಿಣಿಯಣ್ಣ. ಯಾರೂ ನಗಲಿಲ್ಲ. ಅದು ಅವನಿಗೆ ಇನ್ನೂ ಭಯ ಹುಟ್ಟಿಸಿತು. "ಸಿಂಹಾಸನ ಬಿಡಿಸಿ ಮೇಡಂ. ಅದರಲ್ಲಿ ಯಾರು ಕೂತಿದ್ದಾರೆ ನೋಡೇಬಿಡೋಣ. ಅಣ್ಣನೋ ತಮ್ಮನೋ ಇರಬೇಕು."

ಮೇಡಂ ಒದ್ದೆ ಹತ್ತಿಯನ್ನು ಬಂಗಾರದ ಸುರುಳಿಯ ಸುತ್ತ ಒತ್ತಿ ಹಿಡಿದರು. ಸುಣ್ಣ ಪದರ ಪದರವಾಗಿ ಎದ್ದು ಬಂತು. ಸುರುಳಿಯ ಒಳಗೆ ಒಂದು ಕಿವಿ. ಕಿವಿಯ ಮುಂದೆ ಒಂದು ಕಣ್ಣು, ಗಿಣಿಯಣ್ಣನ ಪೂರ್ವಜನ ಇಡೀ ತಲೆಯಷ್ಟು ದೊಡ್ಡ ಕಣ್ಣು. ಕಣ್ಣಿನ ಮುಂದೆ ಉದ್ದನೆಯ, ಗಂಭೀರವಾದ, ಉಣ್ಣೆಯಿಂದ ತುಂಬಿದ ಮುಖ. ಕೊರಳಲ್ಲಿ ಗಂಟೆ.

ಯಾರೂ ಬಾಯಿ ಬಿಡುವ ಮೊದಲೇ, ಟಗರಣ್ಣನ ಟಗರು ಗೋಡೆಯ ಕಡೆ ನೋಡಿ, ತನ್ನವರನ್ನು ಗುರುತು ಹಿಡಿದಂತೆ, "ಬ್ಯಾ..." ಎಂದಿತು.

ಆ ನಗು ಹೇಗಿತ್ತೆಂದರೆ, ಹೊಸದಾಗಿ ಕೂರಿಸಿದ ಹೆಂಚೊಂದು ಜಾರಿತು. ಕಾರ್ಯದರ್ಶಿಗಳು ಕಂಬ ಹಿಡಿದುಕೊಂಡು ನಕ್ಕರು. ಅಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ನಿಮ್ಮಪ್ಪನೂ ಛತ್ರಿ ಮಾತ್ರ ನೆಟ್ಟಗೆ ಹಿಡೀತಿದ್ರು ಕಣಪ್ಪ," ಎಂದಳು.

"ಟಗರು ಕಾಳಗದಲ್ಲಿ ಗೆದ್ದ ಟಗರಿನ ಮೆರವಣಿಗೆ ಇದು," ಎಂದರು ಮೇಡಂ, ಗದ್ದಲ ಸ್ವಲ್ಪ ತಗ್ಗಿದ ಮೇಲೆ. "ಅದಕ್ಕೇ ಕೊಂಬಿಗೆ ಬಂಗಾರ, ಅದಕ್ಕೇ ಅಷ್ಟು ದೊಡ್ಡದು. ದೊರೆಗೆ ಅದರ ಮೇಲೆ ತುಂಬಾ ಪ್ರೀತಿ ಇದ್ದಿರಬೇಕು, ತನ್ನ ಬೆಳ್ಗೊಡೇನೇ ಅದಕ್ಕೆ ಹಿಡಿಸಿದ್ದಾನೆ."

"ಹಾಗಾದ್ರೆ ದೊರೆ ಎಲ್ಲಿ?" ಎಂದ ಟಗರಣ್ಣ.

ಮೇಡಂ ಭೂತಗನ್ನಡಿ ಎಡಕ್ಕೆ ಸರಿಸಿದರು. "ಇಲ್ಲಿ ಇದ್ದಿರಬೇಕು. ಆ ಜಾಗದಲ್ಲಿ ಗೋಡೆ ಒಡೆದು ಯಾರೋ ಕಿಟಕಿ ಇಟ್ಟಿದ್ದಾರೆ."

ಎಲ್ಲರೂ ಕಿಟಕಿಯ ಕಡೆ ತಿರುಗಿದರು. ಅಲ್ಲಿ, ಚೌಕಟ್ಟಿನ ಒಳಗೆ, ಅಳತೆ ಪಾತ್ರೆಯನ್ನು ಎದೆಯ ಮಟ್ಟಕ್ಕೆ ಎತ್ತಿ ಹಿಡಿದು, ಗಿಣಿಯಣ್ಣನ ಹೆಂಡತಿ ಕೂತಿದ್ದಳು.

"ಏನು ನೋಡ್ತೀರಿ ಎಲ್ಲರೂ?" ಎಂದಳು. "ಹಾಲು ತರೋರು ತನ್ನಿ."

ಗಿಣಿಯಣ್ಣ ಕುರ್ಚಿಯನ್ನು ತಾನೇ ಮಡಚಿ ಗೋಡೆಗೆ ಒರಗಿಸಲು ಹೋದ. ಗೋಡೆಗೆ ಬೇಡ ಎಂದರು ಮೇಡಂ. ಅದನ್ನು ಹಿಡಿದುಕೊಂಡೇ ನಿಂತ. ಮೂಗು ಅಷ್ಟು ಕೆಳಗೆ ಇಳಿದದ್ದನ್ನು ಊರು ಅದುವರೆಗೆ ನೋಡಿರಲಿಲ್ಲ.

ಮೇಡಂಗೆ ಅಯ್ಯೋ ಅನ್ನಿಸಿರಬೇಕು. "ಒಂದು ವಿಷಯ ಹೇಳ್ತೀನಿ," ಎಂದರು. "ನಾನು ಈ ಸಂಸ್ಥಾನದ ಚಿತ್ರ ಎಷ್ಟೋ ಬಿಡಿಸಿದ್ದೀನಿ. ದೊರೆಗಳ ಮುಖ ಎಲ್ಲಾ ಒಂದೇ ಅಚ್ಚು, ಸೇವಕರದ್ದೂ ಒಂದೇ ಅಚ್ಚು. ಮನುಷ್ಯನನ್ನ ಎದುರಿಗೆ ನಿಲ್ಲಿಸಿಕೊಂಡು, ನೋಡಿ ನೋಡಿ ಬರೆದ ಮೂಗು ಇದೊಂದೇ."

ಗಿಣಿಯಣ್ಣ ತಲೆ ಎತ್ತಿದ. ಟಗರಣ್ಣ ಬಂದು ಅವನ ಹೆಗಲ ಮೇಲೆ ಕೈ ಇಟ್ಟ.

"ಕೇಳಿಸ್ತಾ ಭಾವ? ದೊರೆ ಇಲ್ಲ, ಮೂಗಿದೆ. ಬನ್ನಿ, ಕ್ಯಾನು ತೊಳೆಯೋಣ. ನಾನು ನೀರು ಹಾಕ್ತೀನಿ."

ಕ್ಯಾನುಗಳನ್ನು ತೊಳೆದು ಬೋರಲು ಹಾಕುವ ಹೊತ್ತಿಗೆ ಹನಿ ಶುರುವಾಯಿತು. ಟಗರು ಜಗುಲಿಯ ಅಂಚಿಗೆ ಬಂದು, ಒಂದು ಕಾಲು ಹೊರಗಿಟ್ಟು, ಹಿಂದಕ್ಕೆ ಎಳೆದುಕೊಂಡಿತು. ಟಗರಣ್ಣ ಹಗ್ಗ ಎಳೆದ, ಗದರಿಸಿದ, ಮುದ್ದಾಡಿದ. ಕದಲಲಿಲ್ಲ.

ಗಿಣಿಯಣ್ಣ ಒಳಗೆ ಹೋಗಿ ಮೊಳೆಯಿಂದ ಕೊಡೆ ತಂದ. ಬಿಚ್ಚಿದ. ತೋಳು ಮುಂದಕ್ಕೆ ಚಾಚಿ ಟಗರಿನ ತಲೆಯ ಮೇಲೆ ಹಿಡಿದ. ಟಗರು ಮೇಲೆ ನೋಡಿ, ತೃಪ್ತಿಪಟ್ಟು, ಗಂಭೀರವಾಗಿ ಮೆಟ್ಟಿಲು ಇಳಿಯಿತು. ಗೋಡೆಯ ಮೇಲೆ ನಡೆದಂತೆಯೇ ಬೀದಿಯಲ್ಲೂ ಮೆರವಣಿಗೆ ನಡೆಯಿತು. ಮುಂದೆ ಟಗರು, ಪಕ್ಕದಲ್ಲಿ ನೆನೆಯುತ್ತ ಗಿಣಿಯಣ್ಣ, ಹಿಂದೆ ಹಗ್ಗ ಹಿಡಿದ ಟಗರಣ್ಣ. ಬಾಗಿಲು ಬಾಗಿಲಲ್ಲಿ ಜನ ನಿಂತು ನೋಡಿದರು. ಒಬ್ಬರೂ ಹಂಗಿಸಲಿಲ್ಲ. ಅಷ್ಟು ನೆಟ್ಟಗೆ ಹಿಡಿದಿದ್ದ.

ಕೊಟ್ಟಿಗೆಯ ಒಳಗೆ ಟಗರು ಸೇರಿದ ಮೇಲೆ ಗಿಣಿಯಣ್ಣ ಕೊಡೆ ಮಡಚಿ, ನೀರು ಕೊಡವಿ, ಎರಡೂ ಕೈಯಲ್ಲಿ ಮುಂದೆ ಚಾಚಿದ.

"ತಗೊಳ್ಳಿ ಭಾವ. ಋಣ ತೀರಿತು."

ಟಗರಣ್ಣನಿಗೆ ಒಂದು ಗಳಿಗೆ ಏನು ಮಾಡಬೇಕೆಂದೇ ತೋಚಲಿಲ್ಲ. ಕೇಳುವುದು ಅಷ್ಟು ಅಭ್ಯಾಸವಾಗಿತ್ತು. ತೆಗೆದುಕೊಂಡ, ಕಡ್ಡಿಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ, ತನ್ನ ಗೋಡೆಯ ಖಾಲಿ ಮೊಳೆಗೆ ನೇತುಹಾಕಿದ. ದೂರ ನಿಂತು ಮತ್ತೊಮ್ಮೆ ನೋಡಿದ.

ಅಷ್ಟರಲ್ಲಿ ಬೇಲಿಯ ಆಚೆಯಿಂದ ದನಿ ಬಂತು. ಸಂಘದ ಬಾಗಿಲು ಹಾಕಿಕೊಂಡು ಬಂದ ಹೆಂಡತಿ, ಅಳತೆ ಪಾತ್ರೆಯನ್ನು ತಲೆಯ ಮೇಲೆ ಬೋರಲು ಹಾಕಿಕೊಂಡು, ಮಳೆಯ ನಡುವೆ ನಿಂತಿದ್ದಳು.

"ಟಗರಿಗಾಯ್ತು. ನನಗೆ?"

ಗಿಣಿಯಣ್ಣ ಹೆಂಡತಿಯನ್ನು ನೋಡಿದ. ಮಳೆಯನ್ನು ನೋಡಿದ. ಆಮೇಲೆ ಟಗರಣ್ಣನ ಮೊಳೆಯನ್ನು ನೋಡಿದ.

"ಭಾವ," ಎಂದ, ಕೈ ಚಾಚುತ್ತಾ, "ಆ ಛತ್ರಿ... ನಾಳೆ ಕೊಡ್ತೀನಿ."